ನಿಲ್ಲಿಸಲು ಕಲಿಸುವವರನ್ನು ಹುಡುಕಿ: ಮಲೆನಾಡಿನ ಹೊಸ ಸವಾರರು ಬೈಕ್ ತರಬೇತಿ ಆರಿಸಿಕೊಳ್ಳುವ ಬಗೆ

ಅಕ್ಕನ ಮಗಳಿಗೆ ಚಿಕ್ಕಮಗಳೂರಿನಲ್ಲಿ ಕೆಲಸ ಸಿಕ್ಕಿತು. ಮನೆ ಇರುವುದು ಆಲ್ದೂರಿನ ಆಚೆ, ತೋಟದ ನಡುವೆ. ಬೆಳಗಿನ ಬಸ್ಸು ತಪ್ಪಿತೆಂದರೆ ಅರ್ಧ ದಿನದ ಸಂಬಳ ಹೋದಂತೆಯೇ. "ಮಾಮ, ಬೈಕ್ ಕಲಿಯಬೇಕು, ಎಲ್ಲಿ ಸೇರಲಿ?" ಎಂದು ಕೇಳಿದಳು. ನಾನು ಕಲಿತದ್ದು ಚಿಕ್ಕಪ್ಪನ ಹಳೆಯ ಬೈಕಿನಲ್ಲಿ. ಅವರು ಹಿಂದೆ ಕುಳಿತು "ಕ್ಲಚ್ ನಿಧಾನ ಬಿಡೋ" ಎಂದು ಕೂಗುತ್ತಿದ್ದರು. ಮೂರೇ ದಿನಕ್ಕೆ ಓಡಿಸಲು ಬಂತು. ನಿಲ್ಲಿಸಲು ಬರುವುದಿಲ್ಲ ಎಂಬುದು ಗೊತ್ತಾಗಲು ಮಾತ್ರ ಎರಡು ವರ್ಷ ಬೇಕಾಯಿತು. ಕೈಮರದ ಕಡೆಗೆ ಗಿರಿ ಇಳಿಯುತ್ತಿದ್ದಾಗ, ಮಳೆಗೆ ನೆನೆದ ಸಿಲ್ವರ್ ಓಕ್ ಎಲೆಗಳ ಮೇಲೆ ಹಿಂದಿನ ಬ್ರೇಕನ್ನು ಇದ್ದಷ್ಟು ಬಲ ಹಾಕಿ ತುಳಿದೆ. ಬೈಕು ಅಡ್ಡ ಮಲಗಿ ಚರಂಡಿಯವರೆಗೆ ಜಾರಿತು, ನಾನು ಅದರ ಹಿಂದೆ. ಮೊಣಕೈಯ ಕಲೆ ಇನ್ನೂ ಇದೆ.

ಹಾಗಾಗಿ ಅವಳಿಗಾಗಿ ಚಿಕ್ಕಮಗಳೂರು, ಹಾಸನ ಎರಡೂ ಕಡೆ ಅಲೆದಾಗ ನನ್ನ ಕೈಯಲ್ಲಿದ್ದ ಅಳತೆಗೋಲು ಒಂದೇ: ಇವರು ಬೈಕ್ ನಿಲ್ಲಿಸುವುದನ್ನು ಕಲಿಸುತ್ತಾರೆಯೇ? ಓಡಿಸುವುದನ್ನು ಯಾರಾದರೂ ಕಲಿಸುತ್ತಾರೆ. ಆ ಅಲೆದಾಟದಲ್ಲಿ ತಿಳಿದದ್ದನ್ನು, ನೀವು ಮಾಡಬೇಕಾದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಎಲ್‌ಎಲ್‌ಆರ್

ತರಬೇತಿಗೆ ದುಡ್ಡು ಕಟ್ಟುವ ಮೊದಲು ಎಲ್ಎಲ್ಆರ್, ಅಂದರೆ ಕಲಿಕಾ ಪರವಾನಗಿ, ಕೈಯಲ್ಲಿರಲಿ. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಗೇರ್ ಇರುವ ಬೈಕಿಗೆ 18 ವರ್ಷ ತುಂಬಿರಬೇಕು. ಮಗನಿಗೆ ಹದಿನಾರಕ್ಕೇ ಬೈಕಿನ ಕೀಲಿ ಕೊಟ್ಟು "ತೋಟದ ರಸ್ತೆ ತಾನೇ" ಎನ್ನುವ ಅಪ್ಪಂದಿರು ನಮ್ಮಲ್ಲಿ ಕಡಿಮೆ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು ಆಗಬಹುದು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ಸಿಕ್ಕಿ ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಮೂವತ್ತೊಂದನೆಯ ದಿನವೇ ಪರೀಕ್ಷೆ ಮುಗಿಸಿಬಿಡುವ ಆತುರ ಎಲ್ಲರಿಗೂ ಇರುತ್ತದೆ. ನನ್ನ ಮಾತು ಕೇಳುವುದಾದರೆ ಮೂರು ತಿಂಗಳು ತೆಗೆದುಕೊಳ್ಳಿ. ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಗೇರಿಲ್ಲದ ಸ್ಕೂಟರ್ ಸಾಕು ಎನಿಸಿದರೂ ಗೇರ್ ಇರುವುದಕ್ಕೇ ಅರ್ಜಿ ಹಾಕಿ. ಆ ಪರವಾನಗಿಯಲ್ಲಿ ಸ್ಕೂಟರನ್ನೂ ಓಡಿಸಬಹುದು. ಸ್ಕೂಟರಿನ ಪರವಾನಗಿಯಲ್ಲಿ ಬೈಕ್ ಓಡಿಸಲಾಗದು.

ಯಾರು ಏನು ಕಲಿಸುತ್ತಾರೆ

ಮನೆಯವರ ಪಾಠ ಎಲ್ಲಕ್ಕಿಂತ ಅಗ್ಗ, ಮತ್ತು ನಮ್ಮಲ್ಲಿ ಹೆಚ್ಚು ನಡೆಯುವುದೂ ಅದೇ. ಅಣ್ಣನೋ ಗಂಡನೋ ತನಗೆ ಬಂದಿರುವ ತಪ್ಪುಗಳನ್ನು ಪ್ರೀತಿಯಿಂದಲೇ ದಾಟಿಸುತ್ತಾನೆ. 1981ರಲ್ಲಿ ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬುವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇ 92 ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಅಪಾಯ ಎದುರಾದಾಗ ಅವರು ಮಾಡಿದ್ದೇನು? ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿಕೊಂಡರು, ಮುಂದಿನದನ್ನು ಸಾಕಷ್ಟು ಹಿಡಿಯಲಿಲ್ಲ. ಅದನ್ನು ಓದಿದಾಗ ಮೊಣಕೈ ಮುಟ್ಟಿ ನೋಡಿಕೊಂಡೆ. ನಮ್ಮ ಲೆಕ್ಕವೂ ಹಗುರವಾದದ್ದಲ್ಲ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು.

ಊರಿನ ಡ್ರೈವಿಂಗ್ ಸ್ಕೂಲುಗಳ ಹೊಟ್ಟೆಪಾಡು ನಡೆಯುವುದು ಕಾರಿನಿಂದ. ಬೈಕ್ ಪಾಠ ಅವರಿಗೆ ಊಟದ ಜೊತೆಯ ಉಪ್ಪಿನಕಾಯಿ. ಆದರೂ ಒಳ್ಳೆಯವರು ಇದ್ದಾರೆ, ಹುಡುಕಬೇಕು. ಶೋರೂಮಿನವರು ಗಾಡಿ ಕೊಡುವಾಗ ಅರ್ಧ ಗಂಟೆ ಹೇಳಿಕೊಡುವುದು ಆ ಗಾಡಿಯ ಪರಿಚಯಕ್ಕಷ್ಟೇ ಸಾಕು. ಬೆಂಗಳೂರಿನ ಕಡೆ ವಾರಾಂತ್ಯದ ಸವಾರಿ ತರಬೇತಿಗಳಿವೆ. ಸ್ವಲ್ಪ ಓಡಿಸಿ ರೂಢಿಯಾದವರಿಗೆ ಅವು ಚೆನ್ನ, ಮೊದಲ ದಿನದವರಿಗಲ್ಲ. ರೇಸ್ ಟ್ರ್ಯಾಕಿನ ತರಬೇತಿಯಂತೂ ಕಡೂರು ರಸ್ತೆಯಲ್ಲಿ ಹಸು ಅಡ್ಡ ಬಂದಾಗ ನೆನಪಿಗೆ ಬರುವ ವಿದ್ಯೆಯಲ್ಲ.

ಇನ್ನೊಂದು ವಿಷಯ. 2021ರ ಜುಲೈಯಿಂದ ಜಾರಿಗೆ ಬಂದ ನಿಯಮದ ಪ್ರಕಾರ ಸರ್ಕಾರದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು ತೇರ್ಗಡೆಯಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಈ ಹೆಸರು ಹೇಳಿಕೊಂಡು "ನಮ್ಮಲ್ಲಿ ಕಲಿತರೆ ಟೆಸ್ಟೇ ಬೇಡ" ಎನ್ನುವವರು ಸಿಕ್ಕಬಹುದು. ಮಾನ್ಯತೆಯ ಪತ್ರ ತೋರಿಸಿ ಎನ್ನಿ. ಮಾತು ಬೇರೆ ಕಡೆಗೆ ತಿರುಗಿದರೆ ಎದ್ದು ಬನ್ನಿ.

ದುಡ್ಡು ಕೊಡುವ ಮುನ್ನ ಒಂದು ತರಗತಿ ನೋಡಿ

ಇಡೀ ಲೇಖನದಲ್ಲಿ ಇದೊಂದನ್ನೇ ಮಾಡಿದರೂ ಸಾಕು. ಕಚೇರಿಯಲ್ಲಿ ಕುಳಿತು ಕೇಳಿದರೆ ಎಲ್ಲರೂ ಎಲ್ಲವನ್ನೂ ಕಲಿಸುತ್ತಾರೆ. ಮೈದಾನಕ್ಕೆ ಹೋಗಿ ನಿಂತರೆ ಗೊತ್ತಾಗುತ್ತದೆ.

ನಾವು ಮೊದಲು ನೋಡಿದ ಕಡೆ ಮೈದಾನವೇ ಇರಲಿಲ್ಲ. ಹೊಸ ಬಡಾವಣೆಯೊಂದರ ರಸ್ತೆ, ಬದಿಯಲ್ಲಿ ಜಲ್ಲಿಯ ರಾಶಿ. ಕಲಿಯುವ ಹುಡುಗ ಮುಂದೆ, ಕಲಿಸುವವರು ಹಿಂದೆ ಕುಳಿತು ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದಿದ್ದರು. ಹುಡುಗನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಗದ್ದದ ಪಟ್ಟಿ ಗಾಳಿಗೆ ಹಾರುತ್ತಿತ್ತು. ಮೊದಲನೆಯ ಗೇರ್, ಎರಡನೆಯದು, ತಿರುಗು, ಮತ್ತೆ ಮೊದಲನೆಯದು. ಇಪ್ಪತ್ತು ನಿಮಿಷಕ್ಕೆ ಪಾಠ ಮುಗಿಯಿತು. ನಮ್ಮ ಹುಡುಗಿ ಕೇಳಿದಳು: "ಸಾರ್, ಬ್ರೇಕ್ ಯಾವಾಗ ಕಲಿಸುತ್ತೀರಿ?"

ಅವರು ನಕ್ಕರು. "ಬ್ರೇಕಿನಲ್ಲಿ ಕಲಿಯುವುದೇನಿದೆಯಮ್ಮ? ತುಳಿದರೆ ನಿಲ್ಲುತ್ತದೆ. ನಿನಗೆ ಬೇಕಿರುವುದು ಎಂಟು ಹಾಕುವುದು. ಅದನ್ನು ಹತ್ತು ಕ್ಲಾಸಿನಲ್ಲಿ ಕೈಗೆ ಹತ್ತಿಸುತ್ತೇನೆ."

ಎಂಟು ಹಾಕುವುದು ಎಂದರೆ ಆರ್‌ಟಿಒ ಪರೀಕ್ಷೆಯಲ್ಲಿ ಕಾಲು ಊರದೆ ಎಂಟರ ಆಕಾರದಲ್ಲಿ ಬೈಕ್ ತಿರುಗಿಸುವುದು. ಅದು ವ್ಯರ್ಥವೆಂದು ಹೇಳುತ್ತಿಲ್ಲ. ನಿಧಾನದ ಸಮತೋಲನಕ್ಕೆ ಅದೇ ಪಾಠ. ಆದರೆ ಅದನ್ನಷ್ಟೇ ಕಲಿತವರಿಗೆ ಡಿಎಲ್ ಸಿಗುತ್ತದೆ, ಬೇಲೂರು ರಸ್ತೆಯಲ್ಲಿ ಎದುರಿಗಿದ್ದ ಪಿಕಪ್ ದಿಢೀರನೆ ನಿಂತಾಗ ಕೈ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲ.

ಕೊನೆಗೆ ಸೇರಿಸಿದ್ದು ಹಾಸನದ ಹೊರವಲಯದ ಒಂದು ಕಡೆ. ಬೋರ್ಡು ಮಾಸಿತ್ತು, ಕಚೇರಿಯಲ್ಲಿ ಎರಡೇ ಕುರ್ಚಿ. ಆದರೆ ಹಿಂದಿನ ಜಾಗದಲ್ಲಿ ಗಟ್ಟಿ ನೆಲ, ನೆಲದ ಮೇಲೆ ಸುಣ್ಣದ ಗೆರೆಗಳು, ಗೆರೆಯ ಎರಡು ತುದಿಯಲ್ಲಿ ಖಾಲಿ ಪೇಂಟ್ ಡಬ್ಬಗಳು. ಕಲಿಯುವವರು ಮೂವತ್ತರ ವೇಗದಲ್ಲಿ ಬಂದು ಡಬ್ಬಗಳ ನಡುವೆ ಬ್ರೇಕ್ ಹಾಕಬೇಕು. ಅಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬ ಮೊದಲ ಸಲ ಹಾಕಿದ್ದು ಹಿಂದಿನದು ಮಾತ್ರ. ಬೈಕ್ ನಿಂತಲ್ಲಿಗೆ ಮೇಷ್ಟ್ರು ಗೆರೆಯಿಂದ ಹೆಜ್ಜೆ ಎಣಿಸುತ್ತ ನಡೆದರು: ಹದಿನೈದು. ಆಮೇಲೆ ಎರಡೂ ಬ್ರೇಕು, ಹತ್ತು ಹನ್ನೆರಡು ಸಲ. ಕೊನೆಯ ಬಾರಿಗೆ ಎಣಿಸಿದಾಗ ಎಂಟು ಹೆಜ್ಜೆ. ಆ ಹುಡುಗನ ಮುಖ ನೋಡಬೇಕಿತ್ತು, ಏಳು ಹೆಜ್ಜೆ ನೆಲವನ್ನು ಗೆದ್ದುಕೊಂಡವನ ಹಾಗೆ.

"ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುವುದಿಲ್ಲವೇ?" ಎಂದು ನಾನೇ ಕೇಳಿದೆ. ಈ ಭಯವನ್ನು ಚಿಕ್ಕಪ್ಪ ನನಗೆ ಕೊಟ್ಟದ್ದು.

"ಕೆಚ್ಚಲಿಗೆ ಕೈ ಹಾಕಿ ಹಾಲು ಕರೆಯುವ ಹಾಗೆ ಹಿಡಿಯಬೇಕು ಸಾರ್, ನಾಯಿ ಕಚ್ಚಿದ ಹಾಗಲ್ಲ" ಎಂದರು. ಬ್ರೇಕ್ ಹಿಡಿದಾಗ ಬೈಕಿನ ಮತ್ತು ಸವಾರನ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟಯರು ನೆಲವನ್ನು ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರವನ್ನು ಬಲವಾಗಿ ತುಳಿದರೆ ಅದು ನಿಲ್ಲಿಸುವುದಿಲ್ಲ, ಜಾರುತ್ತದೆ. ಮೊದಲು ಮೆತ್ತಗೆ, ಭಾರ ಮುಂದೆ ಕೂತ ಮೇಲೆ ಬಿಗಿಯಾಗಿ: ಇದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಬೆರಳಿಗೇ ಅಭ್ಯಾಸವಾಗಬೇಕು.

ವೇಗ ದುಪ್ಪಟ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. ಮೂವತ್ತರಲ್ಲಿ ಎಂಟು ಹೆಜ್ಜೆ ಎಂದರೆ ಅರವತ್ತರಲ್ಲಿ ಮೂವತ್ತೆರಡು. ಅದೂ ಕೈ ಬ್ರೇಕಿಗೆ ಹೋದ ಮೇಲಿನ ಲೆಕ್ಕ. ಅರವತ್ತರ ವೇಗದಲ್ಲಿ ಒಂದು ಸೆಕೆಂಡ್ ಗಾಬರಿಯಾಗಿ ಕುಳಿತರೆ ಸುಮಾರು 17 ಮೀಟರ್ ಹಾಗೆಯೇ ಕಳೆದುಹೋಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಸಂಕೋಚ ಬೇಡ. ದುಡ್ಡು ನಿಮ್ಮದು, ಮಂಡಿಯೂ ನಿಮ್ಮದೇ.

ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಬ್ರಿಟನ್ನಿನಲ್ಲಿ 1990ರಿಂದ ಹೊಸ ಸವಾರರಿಗೆ ಕಡ್ಡಾಯವಾಗಿರುವ ಮೂಲ ತರಬೇತಿಯಲ್ಲಿ ಮೈದಾನದೊಳಗೆ ಒಬ್ಬ ಶಿಕ್ಷಕರ ಬಳಿ ನಾಲ್ಕಕ್ಕಿಂತ ಹೆಚ್ಚು, ರಸ್ತೆಯ ಮೇಲೆ ಇಬ್ಬರಿಗಿಂತ ಹೆಚ್ಚು ಕಲಿಯುವವರು ಇರುವಂತಿಲ್ಲ. ರಸ್ತೆಯ ಸವಾರಿ ಎರಡು ಗಂಟೆಗೆ ಕಡಿಮೆಯಾಗುವಂತೆಯೂ ಇಲ್ಲ. ನಮ್ಮಲ್ಲಿ ಅಂಥ ಕಟ್ಟುನಿಟ್ಟು ಸಿಗಲಾರದು, ಆದರೂ ಅಳೆದು ನೋಡಲು ಅದೊಂದು ಮಾಪಕ.

ಶಿಕ್ಷಕರು ಯಾವಾಗ ಇಳಿಯುತ್ತಾರೆ? ಹಿಂದೆ ಕುಳಿತು ಹ್ಯಾಂಡಲ್ ಹಿಡಿದಿರುವವರೆಗೂ ಬೈಕ್ ಓಡಿಸುತ್ತಿರುವುದು ಅವರು, ನೀವಲ್ಲ. ಎರಡು ಮೂರನೆಯ ತರಗತಿಗಾದರೂ ಕೆಳಗಿಳಿದು, ರಸ್ತೆಗೆ ಬಂದಾಗ ಇನ್ನೊಂದು ಗಾಡಿಯಲ್ಲಿ ಹಿಂದೆ ಬರುವವರು ಬೇಕು.

ಯಾವ ಗಾಡಿಯಲ್ಲಿ ಕಲಿಸುತ್ತಾರೆ? 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್, 125 ಸಿಸಿವರೆಗಿನವುಗಳಿಗೆ ಅದು ಅಥವಾ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿತ ಹೋಗುವ ಸಿಬಿಎಸ್ ಕಡ್ಡಾಯವಾಯಿತು. ಇವು ಇಲ್ಲದಿದ್ದರೂ ಮೊದಲ ತರಗತಿಗಳು ಅವರ ಹಳೆಯ ಗಾಡಿಯಲ್ಲಿ ಆಗಲಿ. ಕೊನೆಯ ಎರಡಾದರೂ ನೀವು ದಿನಾ ಓಡಿಸಲಿರುವ ಗಾಡಿಯಲ್ಲೇ ಆಗಬೇಕು. ಅವರ ಗಾಡಿಯ ಟಯರನ್ನೂ ಒಮ್ಮೆ ನೋಡಿ. ಬೋಳು ಟಯರಿನಲ್ಲಿ ಬ್ರೇಕ್ ಕಲಿಸುವವರಿಗೆ ಬ್ರೇಕಿನ ಬಗ್ಗೆ ಏನೂ ಗೊತ್ತಿಲ್ಲ.

ಕಿರಿದಾದ ರಸ್ತೆಯಲ್ಲಿ ಬೈಕನ್ನು ಬಂದ ದಿಕ್ಕಿಗೆ ತಿರುಗಿಸುವುದನ್ನು ಕಲಿಸುತ್ತಾರೆಯೇ? ಬಯಲುಸೀಮೆಯವರಿಗೆ ಇದು ಸಣ್ಣ ವಿಷಯ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ ಅಲ್ಲ. ಬೆಳಗಿನ ಜಾವ ತಿರುವಿನಾಚೆ ಆನೆ ನಿಂತಿದ್ದರೆ ಹಾರ್ನ್ ಮಾಡದೆ, ಎಂಜಿನ್ ನಿಂತುಹೋಗದಂತೆ, ಒಂದೇ ಸಲಕ್ಕೆ ತಿರುಗಿ ಬರಬೇಕಾಗುತ್ತದೆ. ಎಂಟು ಹಾಕಿದ್ದು ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ.

ಇಳಿಜಾರು, ಹೇರ್‌ಪಿನ್ ತಿರುವು, ಮಳೆ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವುದು: ಇವುಗಳಲ್ಲಿ ಎಷ್ಟು ಅವರ ಪಾಠದಲ್ಲಿವೆ ಎಂದೂ ಕೇಳಿ. ಎಲ್ಲವೂ ಇವೆ ಎಂದು ತಕ್ಷಣ ಹೇಳಿದವರಿಗಿಂತ, "ಮಳೆಯದ್ದು ಜೂನಿನಲ್ಲಿ ಬನ್ನಿ, ಈಗ ಹೇಗೆ ಕಲಿಸಲಿ" ಎಂದವರನ್ನು ನಾನು ನಂಬಿದೆ.

ಹೆಣ್ಣುಮಕ್ಕಳಿಗೆ ಕಲಿಸುವ ಮಹಿಳಾ ಶಿಕ್ಷಕಿ ಇದ್ದಾರೆಯೇ ಎಂದು ಕೇಳುವುದು ತಪ್ಪಲ್ಲ. ಇಲ್ಲದಿದ್ದರೆ ಮನೆಯವರೊಬ್ಬರು ಜೊತೆಗೆ ಬಂದು ನಿಲ್ಲಲು ಅವರ ಅಡ್ಡಿ ಇರಬಾರದು.

ಕಾಗದ ಮತ್ತು ಹಣ

ಡ್ರೈವಿಂಗ್ ಸ್ಕೂಲ್ ನಡೆಸಲು ಸಾರಿಗೆ ಇಲಾಖೆಯ ಪರವಾನಗಿ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಅದು ಫಾರಂ 11ರಲ್ಲಿ ಇರುತ್ತದೆ, ಕಚೇರಿಯಲ್ಲಿ ಎದ್ದು ಕಾಣುವಂತೆ ಹಾಕಿರಬೇಕು. ಅದರ ಮೇಲಿನ ಕೊನೆಯ ದಿನಾಂಕ ನೋಡಿ. ಕಲಿಯುವವರು ಎಷ್ಟು ಗಂಟೆ ಓಡಿಸಿದರು ಎಂದು ಬರೆಯುವ ಪುಸ್ತಕವೂ ಇರಬೇಕು, ಫಾರಂ 15. ನಿಮ್ಮ ಪುಟವನ್ನು ವಾರಕ್ಕೊಮ್ಮೆ ಕೇಳಿ ನೋಡಿ. ಓಡಿಸದ ಗಂಟೆಗಳು ಅಲ್ಲಿ ತುಂಬಿಕೊಂಡಿದ್ದರೆ ವಿಷಯ ತಿಳಿಯಿತು.

"ಲೈಸೆನ್ಸ್ ಸೇರಿ ಇಷ್ಟು" ಎಂಬ ಒಟ್ಟು ಮೊತ್ತವನ್ನು ಒಪ್ಪಬೇಡಿ. ಸರ್ಕಾರದ ಶುಲ್ಕಕ್ಕೆ ರಸೀದಿ ಬರುತ್ತದೆ, ಅದನ್ನು ನೀವೇ ಕಟ್ಟಬಹುದು. ಉಳಿದದ್ದರಲ್ಲಿ ಪೆಟ್ರೋಲ್ ಸೇರಿದೆಯೇ, ಬಿದ್ದು ಇಂಡಿಕೇಟರ್ ಮುರಿದರೆ ಯಾರ ಖರ್ಚು, ಮಳೆಯಿಂದ ತಪ್ಪಿದ ತರಗತಿ ಮತ್ತೆ ಸಿಗುತ್ತದೆಯೇ: ಮೂರನ್ನೂ ರಸೀದಿಯ ಹಿಂದೆ ಬರೆಸಿಕೊಳ್ಳಿ. ಕಂತಿನಲ್ಲಿ ಕೊಡುವುದಾದರೆ ಕೊನೆಯ ಕಂತು ಬ್ರೇಕಿನ ಪಾಠದ ನಂತರ.

ಮೈಮೇಲೆ ಏನಿರಬೇಕು

ಐಎಸ್‌ಐ ಗುರುತಿನ ಹೆಲ್ಮೆಟ್ ನಿಮ್ಮದೇ ಆಗಿರಲಿ, ಗದ್ದದ ಪಟ್ಟಿ ಬಿಗಿದಿರಲಿ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡದ ಜೊತೆಗೆ ಮೂರು ತಿಂಗಳು ಪರವಾನಗಿ ಅಮಾನತಾಗಬಹುದು. ಪಾದದ ಗಂಟು ಮುಚ್ಚುವ ಬೂಟು, ಉದ್ದ ತೋಳಿನ ದಪ್ಪ ಬಟ್ಟೆ. ವೇಲ್ ಹಾಕುವವರು ಅದನ್ನು ಬ್ಯಾಗಿನೊಳಗಿಟ್ಟುಕೊಳ್ಳಿ. ಚಕ್ರಕ್ಕೆ ಸಿಕ್ಕಿದ ವೇಲ್ ಕುತ್ತಿಗೆಯನ್ನು ಹಿಡಿಯುತ್ತದೆ. ಚಪ್ಪಲಿಯಲ್ಲಿ ಬಂದವರನ್ನು ಮನೆಗೆ ಕಳುಹಿಸುವ ಶಿಕ್ಷಕರು ಸಿಕ್ಕರೆ ಅವರನ್ನೇ ಗಟ್ಟಿ ಮಾಡಿಕೊಳ್ಳಿ.

ಯಾವಾಗ ಸೇರಬೇಕು, ಎಲ್ಲಿ ಅಭ್ಯಾಸ ಮಾಡಬೇಕು

ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ತೋಟದ ರಸ್ತೆಗಳಲ್ಲಿ ಆಳುಗಳನ್ನು ತುಂಬಿದ ಜೀಪು, ಚೀಲ ಹೇರಿದ ಪಿಕಪ್, ಟ್ರ್ಯಾಕ್ಟರ್. ವಾರಾಂತ್ಯಕ್ಕೆ ಗಿರಿ ನೋಡಲು ಬರುವ ಕಾರುಗಳು ಬೇರೆ. ಹೊಸಬರಿಗೆ ಇದು ಕಾಲವಲ್ಲ. ಜೂನ್ ಬಂದರೆ ಮಳೆ. ಮಾರ್ಚ್, ಏಪ್ರಿಲ್ ಪ್ರಶಸ್ತ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಏಪ್ರಿಲ್ ಹೊತ್ತಿಗೆ ಕಾಫಿ ಒಣಗಿಸುವ ಕಣಗಳು ಖಾಲಿಯಾಗುತ್ತವೆ. ಸಿಮೆಂಟಿನ ಸಮ ನೆಲ, ನಾಯಿ ಬಿಟ್ಟರೆ ಯಾರೂ ಅಡ್ಡ ಬರುವುದಿಲ್ಲ. ಯಾರ ತೋಟದ ಕಣವೋ ಅವರನ್ನು ಕೇಳಿ, ಮೊದಲು ಪೊರಕೆ ಹಾಕಿ ಗುಡಿಸಿ. ಉಳಿದ ಸಿಪ್ಪೆ, ದೂಳಿನ ಮೇಲೆ ಟಯರು ಜಾರುತ್ತದೆ. ನಮ್ಮ ಹುಡುಗಿ ಹಾಸನಕ್ಕೆ ಹೋದದ್ದು ನಾಲ್ಕು ಭಾನುವಾರ, ಉಳಿದ ದಿನ ಸಂಜೆ ಅರ್ಧ ಗಂಟೆ ಕಣದಲ್ಲಿ ಸುಣ್ಣದ ಗೆರೆ ಎಳೆದುಕೊಂಡು ಮನೆಯಲ್ಲಿದ್ದ 110 ಸಿಸಿ ಬೈಕಿನಲ್ಲಿ ಅದೇ ಪಾಠ. ಅಕ್ಕ ಹೆಜ್ಜೆ ಎಣಿಸುತ್ತಿದ್ದಳು. ಮಳೆ ಹಿಡಿದ ಮೇಲೆ ಕಣದ ಆಸೆ ಬಿಡಿ, ಪಾಚಿ ಕಟ್ಟುತ್ತದೆ.

ತರಬೇತಿ ಮುಗಿದ ಮೇಲೆ

ಪ್ರಮಾಣಪತ್ರ ಸಿಕ್ಕ ಭಾನುವಾರವೇ ಮುಳ್ಳಯ್ಯನಗಿರಿಗೆ ಹೊರಡುವವರನ್ನು ನೋಡಿದ್ದೇನೆ. 1,930 ಮೀಟರ್ ಎತ್ತರದ ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಬೆಳಗಿನ ಹೊತ್ತು ಊರೊಳಗೆ. ಎರಡನೆಯ ವಾರ ಕಡೂರು ರಸ್ತೆ, ನೇರ ಮತ್ತು ಅಗಲ. ಆಮೇಲೆ ಬೇಲೂರು ಕಡೆ. ತಿಂಗಳ ನಂತರ ಆಲ್ದೂರು, ಬಾಳೆಹೊನ್ನೂರಿನ ತಿರುವುಗಳು. ಗಿರಿಯ ರಸ್ತೆ, ಚಾರ್ಮಾಡಿ, ಶಿರಾಡಿ ಎಲ್ಲಕ್ಕಿಂತ ಕೊನೆಗೆ, ಜೊತೆಗೆ ಬಲ್ಲವರಿದ್ದಾಗ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಜಾರಿಕೊಂಡು ಬರುವ ಚಾಳಿ ನಮ್ಮ ಕಡೆ ಹಳೆಯದು. ಹತ್ತು ರೂಪಾಯಿ ಉಳಿಯುತ್ತದೆ. ಬದಲಿಗೆ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕಚ್ಚುವುದನ್ನು ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಗೇರಿಲ್ಲದ ಸ್ಕೂಟರಿಗೆ ಎಂಜಿನ್ನಿನ ಹಿಡಿತ ಕಡಿಮೆ, ಆದ್ದರಿಂದ ಇಳಿಯಲು ಶುರು ಮಾಡುವಾಗಲೇ ನಿಧಾನವಾಗಿರಬೇಕು, ನಡುವೆ ನಿಂತು ಬ್ರೇಕ್ ಆರಲು ಬಿಡಬೇಕು. ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟದಿರುವ ಹಾಗೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಲೋ ಬೀಮ್ ಸಾಕು.

ಮೊದಲ ಮಳೆ ಹಿಡಿದ ವಾರ ಒಂದು ತರಗತಿಗಾಗಿ ಮತ್ತೆ ಹೋಗಿ. ಸೇರುವಾಗಲೇ ಈ ಮಾತು ಆಡಿಕೊಂಡಿರಿ. ನಮ್ಮ ಹುಡುಗಿ ಜೂನಿನಲ್ಲಿ ರೈನ್‌ಕೋಟ್ ಹಾಕಿಕೊಂಡು ಹೋದಳು, ನಾನೂ ಕೊಡೆ ಹಿಡಿದು ನಿಂತಿದ್ದೆ. ಸುಣ್ಣದ ಗೆರೆ ತೊಳೆದುಹೋಗಿತ್ತು, ಮೇಷ್ಟ್ರು ಒಂದು ಹಗ್ಗ ಹಾಸಿದ್ದರು. ಅದೇ ಮೂವತ್ತರ ವೇಗ, ಅದೇ ಎರಡು ಬ್ರೇಕು, ಅವಳು ಮೆತ್ತಗೆ ಹಿಡಿದು ಬಿಗಿ ಮಾಡಿದಳು, ಬೈಕು ಅಲುಗಾಡದೆ ನಿಂತಿತು. ಮೇಷ್ಟ್ರು ನೀರಿನಲ್ಲಿ ಹೆಜ್ಜೆ ಹಾಕುತ್ತ ಎಣಿಸಿದರು: ಹನ್ನೆರಡು.

"ಎಂಟು ಇದ್ದದ್ದು" ಎಂದಳು ಅವಳು.

"ಇನ್ನೊಮ್ಮೆ ಬಾ" ಎಂದರು.